ಕೀಲಿ ತಿರುಗಿಸುವ ಮುಂಚೆ ಮೀಟರ್ ನೋಡಿ

ಗಾಡಿ 2002ರ ಅಮೆರಿಕನ್ ಮಿನಿವ್ಯಾನ್, ಗೇರ್‌ಬಾಕ್ಸ್ 41ಟಿಇ ಎಂಬ ನಾಲ್ಕು ಗೇರಿನ ಆಟೊಮ್ಯಾಟಿಕ್. ಹೊರಟು ಅರ್ಧ ಗಂಟೆ ಏನೂ ತೊಂದರೆಯಿಲ್ಲ. ಚೆನ್ನಾಗಿ ಕಾದ ಮೇಲೆ, 45 ಮೈಲಿ ವೇಗದಲ್ಲಿರುವಾಗ, ಧಡಕ್ಕನೆ ಎರಡನೇ ಗೇರಿಗೆ ಬಿದ್ದು ಅಲ್ಲೇ ಕೂರುತ್ತದೆ. ಇಂಜಿನ್ ಅರಚುತ್ತದೆ, ವೇಗ ಏರುವುದಿಲ್ಲ. ಪಕ್ಕಕ್ಕೆ ಹಾಕಿ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ನಾಲ್ಕೂ ಗೇರು ಹಾಜರ್. ಗ್ಯಾರೇಜಿಗೆ ಒಯ್ದ ದಿನವಂತೂ ಒಂದು ಸಲವೂ ಕೈಕೊಡುವುದಿಲ್ಲ. ಇಂಥ ಗಾಡಿ ನೋಡಿದೊಡನೆ ‘ಪೂರ್ತಿ ರೀಬಿಲ್ಡ್ ಮಾಡಿಸಿ’ ಅನ್ನುವವರೇ ಹೆಚ್ಚು.

ಎರಡರಲ್ಲೇ ಕೂರುವುದು ಗೇರ್‌ಬಾಕ್ಸ್ ತನ್ನನ್ನು ತಾನು ಕಾಪಾಡಿಕೊಳ್ಳುವ ಬಗೆ. ಲಿಂಪ್ ಮೋಡ್ ಅನ್ನುತ್ತಾರೆ. ಟ್ರಾನ್ಸ್‌ಮಿಷನ್ ಕಂಪ್ಯೂಟರಿಗೆ ಲೆಕ್ಕ ತಾಳೆಯಾಗದಿದ್ದರೆ ಅದು ಒಂದು ರಿಲೇಯನ್ನು, ಅಂದರೆ ಕರೆಂಟಿನ ಸ್ವಿಚ್ಚನ್ನು, ಬಿಟ್ಟುಬಿಡುತ್ತದೆ. ಆಯಿಲಿನ ದಾರಿ ಬದಲಿಸುವ ಕರೆಂಟಿನ ಕವಾಟಗಳಿಗೆ, ಅಂದರೆ ಸಾಲೆನಾಯ್ಡುಗಳಿಗೆ, ಕರೆಂಟ್ ನಿಲ್ಲುತ್ತದೆ. ಕರೆಂಟ್ ಇಲ್ಲದಿದ್ದಾಗ ಆಯಿಲ್ ಒತ್ತಡ ತಾನಾಗಿ ಹೋಗುವ ದಾರಿಯಲ್ಲಿ ಮುಂದಕ್ಕೆ ಎರಡನೇ ಗೇರು, ಹಿಂದಕ್ಕೆ ರಿವರ್ಸ್, ಇಷ್ಟೇ ಉಳಿಯುತ್ತವೆ. ಕೀಲಿ ಆಫ್ ಮಾಡಿ ಆನ್ ಮಾಡಿದಾಗ ದೋಷ ಆ ಕ್ಷಣಕ್ಕೆ ಇಲ್ಲದಿದ್ದರೆ ರಿಲೇ ಮತ್ತೆ ಹಿಡಿಯುತ್ತದೆ. ಆದ್ದರಿಂದ ಗಾಬರಿಯಲ್ಲಿ ಕೀಲಿ ತಿರುಗಿಸಬೇಡಿ. ತಿರುಗಿಸಿದಿರೋ, ನೋಡಬೇಕಾದದ್ದು ಹೋಯಿತು.

ಮೊದಲು ಕಣ್ಣು ಹಾಯಿಸಬೇಕಾದದ್ದು ಸ್ಪೀಡೋಮೀಟರಿನ ಮೇಲೆ. ಈ ಗಾಡಿಯಲ್ಲಿ ವೇಗದ ಸಿಗ್ನಲ್ ಬರುವುದೇ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ವೇಗ ಅಳೆಯುವ ಔಟ್‌ಪುಟ್ ಸ್ಪೀಡ್ ಸೆನ್ಸರಿನಿಂದ. ಗೇರು ಬೀಳುವ ಹೊತ್ತಿಗೆ ಮುಳ್ಳು ಸೊನ್ನೆಗೆ ಬಿದ್ದರೆ, ಅಥವಾ ಪಟಪಟ ಕುಣಿದರೆ, ಗುಮಾನಿ ಆ ಸೆನ್ಸರ್ ಇಲ್ಲವೇ ಅದರ ವೈರಿನ ಮೇಲೆ. ಮುಳ್ಳು ಅಲ್ಲಾಡದೆ ಗೇರು ಮಾತ್ರ ಬಿದ್ದರೆ ಒಳಬರುವ ಶಾಫ್ಟಿನ ವೇಗ ಅಳೆಯುವ ಇನ್‌ಪುಟ್ ಸೆನ್ಸರ್, ರಿಲೇ, ಸಾಲೆನಾಯ್ಡ್ ಪ್ಯಾಕ್ ಅಥವಾ ಗೇರ್‌ಬಾಕ್ಸಿನೊಳಗೆ ಗೇರು ಹಿಡಿಯುವ ಕ್ಲಚ್ ಕಡೆ ಹೋಗಬೇಕು. ಇಲ್ಲಿ ಮುಳ್ಳು ಸೊನ್ನೆಗೆ ಬಿದ್ದು ಎದ್ದಿತ್ತು.

ಸ್ಕ್ಯಾನರ್ ವಿಷಯದಲ್ಲಿ ಒಂದು ಮಾತು. ಅಗ್ಗದ ಕೋಡ್ ರೀಡರ್ ಪಿ0700 ತೋರಿಸಿ ಸುಮ್ಮನಾಗುತ್ತದೆ. ಅದರರ್ಥ ‘ಟ್ರಾನ್ಸ್‌ಮಿಷನ್ ಕಂಪ್ಯೂಟರಿನಲ್ಲಿ ಏನೋ ಇದೆ, ಅಲ್ಲಿ ಕೇಳು’ ಎಂದಷ್ಟೇ. ಆ ಕಂಪ್ಯೂಟರನ್ನೇ ಓದಬಲ್ಲ ಸ್ಕ್ಯಾನರ್ ಬೇಕು. ಅದರಲ್ಲಿ ಸಿಕ್ಕಿದ್ದು ಪಿ0720, ಔಟ್‌ಪುಟ್ ಸೆನ್ಸರ್. ಇನ್‌ಪುಟ್ ಆಗಿದ್ದರೆ ಪಿ0715 ಬರುತ್ತಿತ್ತು. ಪಿ0731ರಿಂದ 0734ರವರೆಗೆ ಬಂದರೆ ಆಯಾ ಗೇರಿನ ಅನುಪಾತ ತಪ್ಪಿದೆ ಎಂದು. ಅದಕ್ಕೆ ಕ್ಲಚ್ ಜಾರುವುದೂ ಕಾರಣ ಇರಬಹುದು, ಸೆನ್ಸರ್ ಸುಳ್ಳು ಹೇಳುವುದೂ ಇರಬಹುದು.

ಇವೆರಡನ್ನು ಬೇರ್ಪಡಿಸಲು ಲೈವ್ ಡೇಟಾದಲ್ಲಿ ಇನ್‌ಪುಟ್, ಔಟ್‌ಪುಟ್ ಆರ್‌ಪಿಎಂ ಎರಡನ್ನೂ ಹಾಕಿಕೊಂಡು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಓಡಿಸಬೇಕು. ಔಟ್‌ಪುಟ್ ಒಂದು ಸುತ್ತಿಗೆ ಇನ್‌ಪುಟ್ ಎಷ್ಟು ಸುತ್ತು ಎಂಬ ಅನುಪಾತಗಳು, ಒಂದರಿಂದ ನಾಲ್ಕನೇ ಗೇರಿನವರೆಗೆ, 2.84, 1.57, 1.00, 0.69. ಮೂರನೇ ಗೇರಿನಲ್ಲಿ ಎರಡು ಸಂಖ್ಯೆಯೂ ಒಂದೇ ಇರಬೇಕು; ಲೆಕ್ಕ ಹಾಕುವ ಕೆಲಸವೇ ಇಲ್ಲ, ನನಗೆ ಇಷ್ಟದ ಪರೀಕ್ಷೆ ಇದೇ. ಕ್ಲಚ್ ಜಾರುತ್ತಿದ್ದರೆ ಇನ್‌ಪುಟ್ ಸಂಖ್ಯೆ ಔಟ್‌ಪುಟ್ಟನ್ನು ಬಿಟ್ಟು ಮೆಲ್ಲಗೆ ಮೇಲೇರುತ್ತದೆ. ವೈರ್ ಕೈಕೊಟ್ಟರೆ ಒಂದು ಸಂಖ್ಯೆ ಒಂದೇ ಏಟಿಗೆ ಸೊನ್ನೆಯಾಗುತ್ತದೆ. ಚಕ್ರ ತಿರುಗುತ್ತಿರುವ ಗಾಡಿಯ ಔಟ್‌ಪುಟ್ ಶಾಫ್ಟ್ ಅರೆಗಳಿಗೆಯಲ್ಲಿ ನಿಲ್ಲಲು ಸಾಧ್ಯವೇ ಇಲ್ಲ, ಅಂದಮೇಲೆ ಅದು ಕರೆಂಟಿನ ದೋಷ.

ಅದೇ ಸ್ಕ್ಯಾನರಿನಲ್ಲಿ ಕ್ಲಚ್ ವಾಲ್ಯೂಮ್ ಎಂಬ ಸಂಖ್ಯೆಗಳೂ ಸಿಗುತ್ತವೆ. ಒಂದೊಂದು ಕ್ಲಚ್ ತುಂಬಲು ಎಷ್ಟು ಆಯಿಲ್ ಬೇಕಾಯಿತು ಎಂಬ ಲೆಕ್ಕ. ಲೋ-ರಿವರ್ಸ್ 35ರಿಂದ 83, ಟು-ಫೋರ್ 20ರಿಂದ 77, ಓವರ್‌ಡ್ರೈವ್ 48ರಿಂದ 150, ಅಂಡರ್‌ಡ್ರೈವ್ 24ರಿಂದ 70. ಮೇಲಿನ ಅಂಚಿಗೆ ಬಂದಿದ್ದರೆ ಕ್ಲಚ್ ಸವೆದಿದೆ. ನಡುವೆ ಇದ್ದರೆ ಗೇರ್‌ಬಾಕ್ಸ್ ಇಳಿಸುವ ಮಾತನ್ನು ಬದಿಗಿಡಿ.

ಆಯಿಲ್ ಮಟ್ಟವನ್ನು ಗಾಡಿ ಕಾದ ಮೇಲೆ, ಸಮ ನೆಲದಲ್ಲಿ, ಪಾರ್ಕಿನಲ್ಲಿ ಇಂಜಿನ್ ಓಡುತ್ತಿರುವಾಗಲೇ ನೋಡಬೇಕು. ಇದಕ್ಕೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಪ್ಲಸ್ 4 ಬಿಟ್ಟು ಬೇರೆ ಹಾಕಬಾರದು. ಡೆಕ್ಸ್‌ರಾನ್ ಎಂಬ ಬೇರೆ ಬಗೆಯ ಆಯಿಲ್ ಹಾಕಿದರೆ, ಇಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಟಾರ್ಕ್ ಕನ್ವರ್ಟರ್ ಹಿಡಿಯುವಾಗ ಗಾಡಿ ನಡುಗತೊಡಗುತ್ತದೆ. ಪ್ಲಸ್ 4ರ ಕೆಂಪು ಬಣ್ಣ ಬೇಗ ಮಾಸುತ್ತದೆ, ಬಣ್ಣ ನೋಡಿ ಕೆಟ್ಟಿದೆ ಎನ್ನಬೇಡಿ.

ಇನ್ನು ವೈರ್. ಇಗ್ನಿಷನ್ ಆಫ್ ಮಾಡಿ, ಟ್ರಾನ್ಸ್‌ಮಿಷನ್ ಕಂಪ್ಯೂಟರಿನ ದೊಡ್ಡ ಕನೆಕ್ಟರ್ ಬಿಚ್ಚಿ, ವೈರಿಂಗ್ ಚಿತ್ರ ನೋಡಿಕೊಂಡು ಔಟ್‌ಪುಟ್ ಸೆನ್ಸರಿನ ಎರಡು ವೈರಿನ ನಡುವೆ ಮಲ್ಟಿಮೀಟರ್ ಇಟ್ಟು ಓಮ್ ನೋಡಬೇಕು. ಸೆನ್ಸರಿನ ಬಳಿಯೇ ಅಳೆದರೆ ಸೆನ್ಸರ್ ಒಂದೇ ಪಾಸಾಗುತ್ತದೆ. ಈ ತುದಿಯಿಂದ ಅಳೆದರೆ ದಾರಿಯುದ್ದಕ್ಕೂ ಇರುವ ವೈರೂ ಪರೀಕ್ಷೆಗೆ ಬರುತ್ತದೆ. ವೈರ್ ಅಲ್ಲಾಡಿಸದೆ ಬಿಟ್ಟಷ್ಟು ಹೊತ್ತು ಸರಿಯಾದ ಓಮ್ ತೋರಿಸುತ್ತಿತ್ತು. ಹೇರ್ ಡ್ರೈಯರ್‌ನಿಂದ ಬಿಸಿ ಮಾಡುತ್ತ ಸೆನ್ಸರಿನ ಹತ್ತಿರ ವೈರನ್ನು ಬೆರಳಲ್ಲಿ ಬಗ್ಗಿಸಿದಾಗ ಮೀಟರ್ ಓಪನ್, ಅಂದರೆ ದಾರಿ ತುಂಡಾಗಿದೆ, ಎಂದಿತು, ಬಿಟ್ಟರೆ ಮತ್ತೆ ಸರಿ.

ಸೆನ್ಸರಿನ ಕನೆಕ್ಟರ್ ಎಳೆದು ಟಾರ್ಚ್ ಬಿಟ್ಟರೆ ಒಂದು ಪಿನ್ ಸುತ್ತ ಹಸಿರು ಪುಡಿ. ಬ್ಯಾಟರಿ ಕೂರುವುದು ಗೇರ್‌ಬಾಕ್ಸಿನ ನೆತ್ತಿಯ ಮೇಲೆಯೇ. ಅದರ ಆಸಿಡ್ ವರ್ಷಗಟ್ಟಲೆ ಹನಿದಿದೆ. ವೈರಿನ ಹೊದಿಕೆ ಸೀಳಿದರೆ ಒಳಗಿನ ತಾಮ್ರ ಕಾಡಿಗೆಯಷ್ಟು ಕಪ್ಪು. ಆಸಿಡ್ ಹೊದಿಕೆಯೊಳಗೇ ಬತ್ತಿಯ ಎಣ್ಣೆಯ ಹಾಗೆ ಏರುತ್ತದೆ. ಪಿನ್ ಉಜ್ಜಿ ಸ್ಪ್ರೇ ಹೊಡೆದರೆ ಒಂದು ತಿಂಗಳು ಓಡೀತು, ಅಷ್ಟೇ. ತಾಮ್ರ ಹೊಳೆಯುವವರೆಗೆ, ಅಂದರೆ ಸುಮಾರು ಆರಿಂಚು, ಕತ್ತರಿಸಿ ಹೊಸ ಕನೆಕ್ಟರ್ ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ತೊಡಿಸಿದೆ. ಎರಡು ವೈರಿನ ಬೆಸುಗೆ ಅಕ್ಕಪಕ್ಕ ಬರದಂತೆ ಹಿಂದುಮುಂದು ಮಾಡಬೇಕು.

ಸೆನ್ಸರನ್ನೂ ಅದೇ ಸಲ ಬದಲಿಸಿದೆ. ಒಂದಿಂಚಿನ ಡೀಪ್ ಸಾಕೆಟ್ ಸಾಕು. ಬಿಚ್ಚಿದಾಗ ಸ್ವಲ್ಪ ಆಯಿಲ್ ಸುರಿಯುತ್ತದೆ, ಕೆಳಗೆ ತಟ್ಟೆ ಇರಲಿ. ಹೊಸದರ ಓ-ರಿಂಗಿಗೆ ಎಟಿಎಫ್ ಸವರಿ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಬೇಕು. ಗೇರ್‌ಬಾಕ್ಸಿನ ಅಲ್ಯುಮಿನಿಯಂ ಥ್ರೆಡ್ ಹಾಳಾದರೆ ಸೆನ್ಸರಿನ ಹತ್ತು ಪಟ್ಟು ಖರ್ಚು. 27 ನ್ಯೂಟನ್ ಮೀಟರಿಗೆ ನಿಲ್ಲಿಸಿ. ಸುರಿದಷ್ಟು ಆಯಿಲ್ ಮತ್ತೆ ತುಂಬಿಸಿ.

ಕೋಡ್ ಅಳಿಸಿ, ಗಾಡಿ ಪೂರ್ತಿ ಕಾಯುವಷ್ಟು ದೂರ ಓಡಿಸಿ ಮೂರನೇ ಗೇರಿನ ಎರಡು ಸಂಖ್ಯೆ ಮತ್ತೆ ನೋಡಿದೆ, ಜೊತೆಗೇ ನಡೆದವು. ಬ್ಯಾಟರಿ ತಟ್ಟೆಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ನೊರೆ ನಿಲ್ಲುವವರೆಗೆ ತೊಳೆದು, ಹೊಸ ವೈರನ್ನು ತಟ್ಟೆಯ ಕೆಳಗಿನಿಂದ ಸರಿಸಿ ಪಕ್ಕಕ್ಕೆ ಕಟ್ಟಿದೆ.