ಒಗ್ಗರಣೆ ಹಾಕುವ ಮನೆಗೆ ಹೊಸ ಕಾಲದ ಅಡುಗೆಮನೆ: ನನ್ನ ಅನುಭವ

ಬೆಂಗಳೂರಿನ ಹಳೇ ಮನೆಯೊಂದರ 10 ಅಡಿ ಉದ್ದ, 8 ಅಡಿ ಅಗಲದ ಅಡುಗೆಮನೆಯನ್ನು ಒಳಗಿನಿಂದ ಪೂರ್ತಿ ಬಿಚ್ಚಿ ಹೊಸದಾಗಿ ಮಾಡಿಸಿದ ಕೆಲಸದ ವಿವರ ಇದು. ಈಗ ಎಲ್ಲರೂ ಕೇಳುವ ಪಟ್ಟಿ ಹೆಚ್ಚುಕಮ್ಮಿ ಒಂದೇ: ಹಿಡಿಕೆ ಇಲ್ಲದ ಶಟರ್ (ಕಪಾಟಿನ ಬಾಗಿಲು), ಬಿಳಿ ಕ್ವಾರ್ಟ್ಜ್ ಕಟ್ಟೆ, ಹಾಲ್‌ಗೆ ತೆರೆದ ಓಪನ್ ಕಿಚನ್, ಕಪ್ಪು ನಲ್ಲಿ, ನೆಲದಿಂದ ಸೂರಿನ ತನಕ ಟಾಲ್ ಯೂನಿಟ್. ಇದ್ಯಾವುದೂ ಬೇಡ ಎನ್ನುವ ಹಟ ನನಗಿಲ್ಲ. ಆದರೆ ದಿನಕ್ಕೆ ಎರಡು ಹೊತ್ತು ಸಾಸಿವೆ ಸಿಡಿಯುವ, ವಾರಕ್ಕೆರಡು ಸಲ ದೋಸೆಹಿಟ್ಟು ರುಬ್ಬುವ, 25 ಕೆ.ಜಿ. ಅಕ್ಕಿ ಮೂಟೆ ಇಡುವ ಮನೆಯಲ್ಲಿ ಹೊಗೆ, ನೀರು, ಭಾರ ಈ ಮೂರಕ್ಕೂ ಮೊದಲು ದಾರಿ ಮಾಡಬೇಕು. ಶಟರ್ ಬಣ್ಣವನ್ನು ನಾನು ಆರಿಸಿದ್ದು ಎಲ್ಲಕ್ಕಿಂತ ಕೊನೆಗೆ.

ಹಳೇ ಕಟ್ಟೆಯ ಕೆಳಗೆ ಎರಡೆರಡು ಅಡಿಗೆ ಕಡಪ ಕಲ್ಲು ನಿಲ್ಲಿಸಿ ಗೂಡು ಮಾಡಿದ್ದರು. ಅದನ್ನೇ ಉಳಿಸಿಕೊಂಡು ಮುಂದೆ ಶಟರ್ ಹಚ್ಚಿದರೆ ಖರ್ಚು ಉಳಿಯುತ್ತದೆ, ನಿಜ. ಆದರೆ 3 ಅಡಿ ಅಗಲದ ಡ್ರಾಯರ್ ಕೂರುವುದಿಲ್ಲ, ಮೂಲೆಯಲ್ಲಿ ಕೈ ಎಟುಕದ ಕತ್ತಲು ಹಾಗೇ ಉಳಿಯುತ್ತದೆ. ಹಾಗಾಗಿ ಕಲ್ಲು ತೆಗೆಸಿದೆ. ಆಮೇಲೆ ಗೋಡೆಯ ಮೂಲೆಮಟ್ಟ ನೋಡಿದೆ: ಒಂದು ಗೋಡೆಯ ಮೇಲೆ 3 ಅಡಿ, ಪಕ್ಕದ ಗೋಡೆಯ ಮೇಲೆ 4 ಅಡಿ ಗುರುತು ಹಾಕಿ ಓರೆಯಾಗಿ ಅಳೆದರೆ ಸರಿಯಾಗಿ 5 ಅಡಿ ಬರಬೇಕು. ಹಳೇ ಮನೆಗಳಲ್ಲಿ ಬರುವುದು ಅಪರೂಪ. ಗೋಡೆ ಸೊಟ್ಟಗಿದ್ದರೆ ಎರಡೂ ತುದಿಯಲ್ಲಿ ಸಂದು ಮುಚ್ಚುವ 50 ಮಿ.ಮೀ. ಅಗಲದ ಫಿಲ್ಲರ್ ಪಟ್ಟಿ ಬಿಡಿಸಿ. ಬಿಡದಿದ್ದರೆ ಕೊನೆಯ ಡ್ರಾಯರ್ ಬಾಗಿಲ ಚೌಕಟ್ಟಿಗೋ ಪಕ್ಕದ ಹಿಡಿಕೆಗೋ ಬಡಿದು ಅರ್ಧಕ್ಕೇ ನಿಲ್ಲುತ್ತದೆ.

ಕಟ್ಟೆಯ ಎತ್ತರವನ್ನು ಅಂಗಡಿಯವರು ಹೇಳಿದ ಹಾಗೆ ಒಪ್ಪಿಕೊಳ್ಳಬೇಡಿ. ಅಡುಗೆ ಮಾಡುವವರು ನೆಟ್ಟಗೆ ನಿಂತು ಮೊಣಕೈ ಮಡಚಲಿ. ನೆಲದಿಂದ ಮೊಣಕೈವರೆಗಿನ ಅಳತೆಯಲ್ಲಿ 5 ಇಂಚು ಕಳೆದರೆ ಹೆಚ್ಚುವ ಕಟ್ಟೆಯ ಎತ್ತರ ಸಿಗುತ್ತದೆ. 5 ಅಡಿ 2 ಇಂಚಿನವರಿಗೆ ಮೊಣಕೈ ಸುಮಾರು 39 ಇಂಚಿಗೆ ಬರುತ್ತದೆ, ಕಟ್ಟೆ 34 ಇಂಚು. ಕಟ್ಟೆಯ ಕೆಳಗೆ ಕೂರುವ ಮರದ ಬಾಕ್ಸ್ 720 ಮಿ.ಮೀ., 120 ಮಿ.ಮೀ. ಕಾಲು, 20 ಮಿ.ಮೀ. ಗ್ರಾನೈಟ್ ಸೇರಿ 860 ಮಿ.ಮೀ. ಆಯಿತು. ಒಲೆಯ ಕಡೆ ಇದೇ ಎತ್ತರ ಇಟ್ಟರೆ ತಪ್ಪು. ಕಟ್ಟೆಯಲ್ಲೇ ಹುದುಗಿಸುವ ಒಲೆಯಾದ ಹಾಬ್‌ನ ಬರ್ನರ್ 2 ಇಂಚು, ಅದರ ಮೇಲೆ ಬಾಣಲೆ. ಸೌಟು ಆಡಿಸುವಾಗ ಭುಜ ಎತ್ತಿಯೇ ಇರಬೇಕಾಗುತ್ತದೆ. ಆದ್ದರಿಂದ ಎಲ್ ಆಕಾರದಲ್ಲಿ ಒಲೆಯ ತೋಳಿಗೆ 650 ಮಿ.ಮೀ. ಬಾಕ್ಸ್ ಹಾಕಿಸಿ ಕಟ್ಟೆಯನ್ನು 31 ಇಂಚಿಗೆ ಇಳಿಸಿದೆ. ಎತ್ತರದ ಈ ವ್ಯತ್ಯಾಸ ಮೂಲೆಯಲ್ಲೇ ಬಂದಿದ್ದರಿಂದ ಕಣ್ಣಿಗೆ ಅಡ್ಡ ಬರುವುದಿಲ್ಲ. ಹಾಬ್ ಬದಲು ಮಾಮೂಲಿ ಗ್ಯಾಸ್ ಸ್ಟೌ ಇಡುವುದಾದರೆ ಇನ್ನೂ 3 ಇಂಚು ತಗ್ಗಿಸಬೇಕು.

ಕಲ್ಲಿಗೆ ಜಿಗಣಿಯ ಯಾರ್ಡ್‌ಗಳಲ್ಲಿ ಹುಡುಕಿ ಚಾಮರಾಜನಗರದ ಕಪ್ಪು ಗ್ರಾನೈಟ್ ತಂದೆ, ಲೆದರ್ ಫಿನಿಶ್, ಅಂದರೆ ಹೊಳಪಿಲ್ಲದ, ಚರ್ಮದಂಥ ಮೈ. ಹೊಳಪಿನ ಕಪ್ಪು ಕಲ್ಲಿನಲ್ಲಿ ಬೋರ್‌ವೆಲ್ ನೀರಿನ ಬಿಳಿ ಕಲೆ ಎದ್ದು ಕಾಣುತ್ತದೆ, ಲೆದರ್‌ನಲ್ಲಿ ಅಷ್ಟು ಕಾಣದು. ಬಣ್ಣ ಹಚ್ಚಿ ಕಪ್ಪು ಮಾಡಿದ ಕಲ್ಲೂ ಮಾರುಕಟ್ಟೆಯಲ್ಲಿದೆ. ಬಿಳಿ ಬಟ್ಟೆಗೆ ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಹಾಕಿ ಜೋರಾಗಿ ಉಜ್ಜಿ ನೋಡಿ, ಬಟ್ಟೆ ಕಪ್ಪಾದರೆ ಆ ಕಲ್ಲು ಬಿಡಿ. ಬಿಳಿ ಕ್ವಾರ್ಟ್ಜ್ ನೋಡಲು ಚೆಂದ. ಆದರೆ ಅದು ಕಲ್ಲಿನ ಪುಡಿಯನ್ನು ರೆಸಿನ್‌ನಲ್ಲಿ ಕಲಸಿ ಒತ್ತಿದ ಹಲಗೆ. ಒಲೆಯಿಂದ ಇಳಿಸಿದ ಬಾಣಲೆ ನೇರವಾಗಿ ಇಟ್ಟರೆ ರೆಸಿನ್ ಸುಟ್ಟು ಹಳದಿ ಗುರುತು ಉಳಿಯುತ್ತದೆ. ಅದನ್ನು ಕೊಯ್ಯುವಾಗ ಏಳುವ ಸಿಲಿಕಾ ದೂಳಿನಿಂದ ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆಂದು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕೃತಕ ಕಲ್ಲನ್ನೇ ನಿಷೇಧಿಸಿದೆ. ಗ್ರಾನೈಟ್‌ನಲ್ಲೂ ಸಿಲಿಕಾ ಇದೆ, ಪ್ರಮಾಣ ಕಡಿಮೆ. ಮನೆಯಲ್ಲಿ ಯಾವ ಕಲ್ಲು ಕೊಯ್ಸಿದರೂ ನೀರು ಬಿಟ್ಟುಕೊಂಡೇ ಕೊಯ್ಸಿ, ಕೊಯ್ಯುವವರಿಗೆ ಒಳ್ಳೆಯ ಮಾಸ್ಕ್ ತಂದುಕೊಡಿ.

ಕಲ್ಲಿನ ಕೆಲಸದಲ್ಲಿ ಒಂದು ಸಣ್ಣ ವಿಷಯವಿದೆ. ಸಣ್ಣದಾದರೂ ಕೆಳಗಿನ ಮರವನ್ನೆಲ್ಲ ಕಾಯುವುದು ಅದೇ. ಕಟ್ಟೆಯ ಅಂಚು ಶಟರ್‌ಗಿಂತ 1 ಇಂಚು ಮುಂದೆ ಬರಬೇಕು. ಆ ಅಂಚಿನ ಕೆಳಮೈಯಲ್ಲಿ, ತುದಿಯಿಂದ ಅರ್ಧ ಇಂಚು ಒಳಗೆ, 4 ಮಿ.ಮೀ. ಅಗಲದ ತೋಡನ್ನು (ಗ್ರೂವ್) ಉದ್ದಕ್ಕೂ ಕೊಯ್ಸಬೇಕು. ಕಟ್ಟೆಯಿಂದ ಇಳಿದ ನೀರು ಕಲ್ಲಿನ ಕೆಳಮೈಗೆ ಅಂಟಿಕೊಂಡು ಒಳಕ್ಕೆ ಹರಿಯುತ್ತಾ ಬಂದು, ತೋಡು ಸಿಕ್ಕಲ್ಲಿ ದಾಟಲಾರದೆ ಹನಿಯಾಗಿ ನೆಲಕ್ಕೆ ಬೀಳುತ್ತದೆ. ತೋಡು ಇಲ್ಲದಿದ್ದರೆ ಅದೇ ನೀರು ನೇರ ಶಟರ್‌ನ ಮೇಲಂಚಿಗೆ ಹೋಗುತ್ತದೆ. ಸಿಂಕ್ ಕೆಳಗಿನ ಶಟರ್ ಮೊದಲು ಉಬ್ಬುವುದು ಮೇಲಂಚಿನಲ್ಲೇ ಏಕೆ ಎನ್ನುವುದಕ್ಕೆ ಉತ್ತರ ಇಲ್ಲಿದೆ.

ಸಿಂಕ್ 24×18 ಇಂಚು, 9 ಇಂಚು ಆಳ, 304 ಸ್ಟೀಲ್, ಕಲ್ಲಿನ ಕೆಳಗೆ ಕೂರಿಸುವ ಅಂಡರ್‌ಮೌಂಟ್. ಚೆಲ್ಲಿದ್ದನ್ನು ಒಂದೇ ಸಲ ಒಳಗೆ ತಳ್ಳಿಬಿಡಬಹುದು ಎನ್ನುವುದು ಇದರ ದೊಡ್ಡ ಅನುಕೂಲ. ಆದರೆ ಪೂರ್ತಿ ತುಂಬಿದರೆ ಇದು 60 ಲೀಟರ್ ಮೀರುತ್ತದೆ, ಅಂದರೆ 60 ಕೆ.ಜಿ.ಗೂ ಹೆಚ್ಚು ಭಾರ, ಮೇಲೆ ಪಾತ್ರೆಗಳ ತೂಕ ಬೇರೆ. ಬರೀ ಸಿಲಿಕೋನ್ ಹಚ್ಚಿ ಅಂಟಿಸಿ ಹೋಗುವವರಿದ್ದಾರೆ. ಅಂಥ ಸಿಂಕ್ ಒಂದಲ್ಲ ಒಂದು ದಿನ ಜಾರುತ್ತದೆ. ಎರಡು ಪಕ್ಕಕ್ಕೂ ಸ್ಟೀಲ್ ಆಂಗಲ್ ಗೋಡೆಗೆ ಕಚ್ಚಿಸಿ, ಅದರ ಮೇಲೆ ಸಿಂಕ್ ಕೂರಿಸಿ, ಆಮೇಲೆ ಸಿಲಿಕೋನ್ ಹಚ್ಚಿಸಿದೆ. ಸಿಂಕ್ ಬಾಕ್ಸ್‌ಗೆ ಹಿಂದಿನ ಹಲಗೆ ಹಾಕಿಸಲಿಲ್ಲ. ಪೈಪ್ ಸೋರಿದರೆ ಕಾಣಬೇಕು, ಕೈ ಹೋಗಬೇಕು. ಕಪ್ಪು ನಲ್ಲಿಯ ಆಸೆ ಬಿಟ್ಟೆ, ಗಡಸು ನೀರಿಗೆ ಅದು ತಿಂಗಳೊಳಗೆ ಬೂದಿ ಬಳಿದ ಹಾಗಾಗುತ್ತದೆ.

ಓಪನ್ ಕಿಚನ್ ವಿಷಯ. ಅಡುಗೆ ಮಾಡುವವರು ಒಬ್ಬರೇ ಗೋಡೆಯ ಹಿಂದೆ ನಿಲ್ಲಬಾರದು ಎಂಬ ಆಲೋಚನೆ ನನಗೆ ಪೂರ್ತಿ ಒಪ್ಪಿಗೆ. ಆದರೆ ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಸೋಫಾದ ಬಟ್ಟೆಗೂ ಹಿಡಿಯುತ್ತದೆ. ಹಾಲ್ ಕಡೆಯ ಗೋಡೆ ಒಡೆಸಿ, 8 ಮಿ.ಮೀ. ಟಫನ್ಡ್ ಗಾಜಿನ ಮೂರು ಹಲಗೆಯ ಜಾರುಬಾಗಿಲನ್ನು ಮೇಲಿನ ಟ್ರ್ಯಾಕ್‌ಗೆ ತೂಗುಹಾಕಿಸಿದೆ. ನೆಲದಲ್ಲಿ ಚಾನೆಲ್ ಇಲ್ಲ, ಹಿಟ್ಟು, ಕಸ ತುಂಬುವ ಗೋಜಿಲ್ಲ. ಇದು ಹೊಸ ಉಪಾಯವೇನಲ್ಲ. 1926ರಲ್ಲಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆ, ಇವತ್ತಿನ ಮಾಡ್ಯುಲರ್‌ಗಳ ಮೂಲ ಎನ್ನುವಂಥದ್ದು, ಇದ್ದದ್ದು 1.9 ಮೀಟರ್ ಅಗಲ, 3.4 ಮೀಟರ್ ಉದ್ದ ಅಷ್ಟೇ. ಅದಕ್ಕೂ ಊಟದ ಕೋಣೆಯ ಕಡೆ ಜಾರುಬಾಗಿಲೇ ಇತ್ತು.

ಗಾಜು ಮುಚ್ಚಿದ ಮೇಲೆ ಹೊಗೆ ಎಳೆಯುವುದು ಚಿಮಣಿ. ಡಬ್ಬದ ಮೇಲೆ ಗಂಟೆಗೆ 1200 ಘನ ಮೀಟರ್ ಎಂದು ಬರೆದಿರುವುದು ಪೈಪ್ ಜೋಡಿಸದೆ ಅಳೆದ ಲೆಕ್ಕ. ಪೈಪ್ 6 ಇಂಚಿನದೇ ಇರಬೇಕು, ಹೊರಗಿನ ತೂತೂ 6 ಇಂಚಿನದೇ. ಫಿಟ್ ಮಾಡಲು ಬಂದವರು ಗೋಡೆಯಲ್ಲಿ ಇದ್ದ ಹಳೇ ತೂತಿಗೆ ಹೊಂದಿಸಲು ಪೈಪ್‌ನ ಬಾಯಿ ಕಿರಿದು ಮಾಡುವ 4 ಇಂಚಿನ ರೆಡ್ಯೂಸರ್ ಹಾಕಿಬಿಟ್ಟಿದ್ದರು. 6 ಇಂಚಿನ ಪೈಪ್‌ಗೆ ಹೋಲಿಸಿದರೆ 4 ಇಂಚಿನದರ ಬಾಯಿ ಅರ್ಧಕ್ಕಿಂತ ಕಡಿಮೆ, ಶೇ. 44. ಸದ್ದು ಜಾಸ್ತಿಯಾಗಿ ಎಳೆತ ಕುಗ್ಗಿತು. ತೂತು ದೊಡ್ಡದು ಮಾಡಿಸಿ ಬದಲಿಸಿದ ಮೇಲೆ ಸರಿಹೋಯಿತು. ಬಳುಕುವ ಅಲ್ಯುಮಿನಿಯಂ ಪೈಪ್ ಬದಲು ಗಟ್ಟಿ ಪೈಪ್ ಹಾಕಿಸಿ, ಬಾಗು ಒಂದೇ ಇರಲಿ. ಚಿಮಣಿಯ ಅಗಲ ಹಾಬ್‌ಗಿಂತ ಹೆಚ್ಚಿರಬೇಕು, 75 ಸೆಂ.ಮೀ. ಹಾಬ್‌ಗೆ 90 ಸೆಂ.ಮೀ. ಚಿಮಣಿ, ನಡುವೆ 28 ಇಂಚು ಅಂತರ. ಹೊರಹೋದಷ್ಟು ಗಾಳಿ ಒಳಗೂ ಬರಬೇಕಲ್ಲ, ಗಾಜಿನ ಕೆಳಗೆ 10 ಮಿ.ಮೀ. ಸಂದು ಬಿಟ್ಟಿದ್ದು ಅದಕ್ಕೇ. ಒಲೆಯ ಪಕ್ಕದ ಕಿಟಕಿ ಮಾತ್ರ ಚಿಮಣಿ ಓಡುವಾಗ ಮುಚ್ಚಿರಲಿ, ಅಡ್ಡಗಾಳಿ ಹೊಗೆಯನ್ನು ಚಿಮಣಿಯ ಬಾಯಿಂದ ಆಚೆ ತಳ್ಳುತ್ತದೆ.

ಕಟ್ಟೆಯ ಕೆಳಗೆ ಬಾಗಿಲ ಗೂಡುಗಳಿಗಿಂತ ಡ್ರಾಯರ್‌ಗಳು ಎಂಬ ಈಗಿನ ಒಲವು ನಿಜಕ್ಕೂ ಒಳ್ಳೆಯದು, ಬಗ್ಗಿ ತಡಕುವ ಕಷ್ಟ ತಪ್ಪುತ್ತದೆ. ಒಲೆಯ ಕೆಳಗಿನ 650 ಮಿ.ಮೀ.ನಲ್ಲಿ ಮೇಲಿನ 80 ಹಾಬ್‌ನ ಹೊಟ್ಟೆಗೆ, ಆಮೇಲೆ ಚಮಚ-ಸೌಟಿಗೆ 130, ತಟ್ಟೆ-ಬಟ್ಟಲಿಗೆ 180, ಕುಕ್ಕರ್-ಬಾಣಲೆಗೆ 260. ಡ್ರಾಯರ್ ಆಳ 500 ಇರಲಿ, ಬಾಕ್ಸ್ 560. ಹಿಂದಿನ 60 ಮಿ.ಮೀ. ಗ್ಯಾಸ್ ಪೈಪ್‌ಗೆ ಬೇಕು. ಡ್ರಾಯರ್ ಜಾರುವ ಚಾನೆಲ್‌ನ ಭಾರಮಿತಿ ಕೇಳಿಯೇ ತೆಗೆದುಕೊಳ್ಳಿ. 30 ಕೆ.ಜಿ.ಯ ಚಾನೆಲ್‌ಗೆ 25 ಕೆ.ಜಿ. ಅಕ್ಕಿ ಸುರಿದರೆ, ಡ್ರಾಯರ್‌ನ ಸ್ವಂತ ತೂಕವೂ ಸೇರಿ ಮಿತಿ ಮುಟ್ಟಿಬಿಡುತ್ತದೆ. ಅಕ್ಕಿ, ಕುಕ್ಕರ್ ಇಡುವ ಎರಡಕ್ಕೆ ಮಾತ್ರ 50 ಕೆ.ಜಿ.ಯದು ಹಾಕಿಸಿದೆ.

ಬಾಕ್ಸ್‌ಗಳಿಗೆ ಐಎಸ್ 710 ಮುದ್ರೆಯ (ನೀರು ತಡೆಯುವ ಪ್ಲೈಗಿರುವ ಭಾರತೀಯ ಮಾನಕ) 18 ಮಿ.ಮೀ. ಪ್ಲೈ. ಈ ಮಾನಕದ ಪ್ಲೈ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಅಂಗೈಯಗಲದ ತುಂಡು ಕೇಳಿ ತಂದು ಒಂದಿಡೀ ದಿನ ಕುದಿಸಿ ನೋಡಿದರೂ ಕಳಪೆ ಮಾಲು ಗೊತ್ತಾಗಿಬಿಡುತ್ತದೆ. ಕೊಯ್ದ ಅಂಚುಗಳಿಗೆಲ್ಲ, ಕಣ್ಣಿಗೆ ಬೀಳದ ಹಿಂಬದಿಗೂ, ಅಂಚು ಮುಚ್ಚುವ ಎಡ್ಜ್ ಬ್ಯಾಂಡ್ ಪಟ್ಟಿ ಹಾಕಿಸಿ. ಶಟರ್‌ಗೆ ಮ್ಯಾಟ್ ಲ್ಯಾಮಿನೇಟ್ ಸಾಕು. ಪಿವಿಸಿ ಮೆಂಬ್ರೇನ್ ಎಂಬ ಪ್ಲಾಸ್ಟಿಕ್ ಹೊದಿಕೆ ಒಲೆಯ ಬಿಸಿಗೆ ಸುಲಿದುಕೊಳ್ಳುತ್ತದೆ. ಹಿಡಿಕೆ ಇಲ್ಲದ ಶಟರ್ ಎಳೆಯಲು ಬೆರಳು ತೂರಿಸುವ ಪ್ರೊಫೈಲ್ ತೋಡುಗಳಲ್ಲಿ ಹಿಟ್ಟು, ಅರಿಶಿನ ಕೂರುತ್ತದೆ, ವಾರಕ್ಕೊಮ್ಮೆ ಹಳೇ ಟೂತ್‌ಬ್ರಶ್ ಆಡಿಸಲು ಸಿದ್ಧರಿದ್ದರೆ ಹಾಕಿಸಿ.

ಗ್ರೈಂಡರ್ ಅಡುಗೆಮನೆಯಲ್ಲಿಲ್ಲ. ಎಳೆಯುವ ಹಲಗೆಯ ಮೇಲಿಟ್ಟರೆ ಅದರ ಅದುರಿಗೆ ಚಾನೆಲ್ ಸಡಿಲವಾಗುತ್ತದೆ. ಯುಟಿಲಿಟಿಯಲ್ಲಿ, ನಲ್ಲಿಯ ಪಕ್ಕ, 24 ಇಂಚು ಎತ್ತರದಲ್ಲಿ ಗೋಡೆಗೆ ಕಚ್ಚಿಸಿದ ಕಲ್ಲಿನ ಮೇಲಿಟ್ಟೆ. ಹಿಟ್ಟು ಬಳಿಯಲು ಕೈ ಸಲೀಸಾಗಿ ಇಳಿಯುತ್ತದೆ, ತೊಳೆದ ನೀರು ಅಲ್ಲೇ ಹೋಗುತ್ತದೆ. ಸಿಲಿಂಡರ್ ಕೂಡ ಅಲ್ಲೇ, ನೆಟ್ಟಗೆ ನಿಂತಿದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ, ಹಾಗಾಗಿ ಸಿಲಿಂಡರ್ ಗೂಡಿಗೆ ಕೆಳಭಾಗದಲ್ಲೇ ಜಾಲರಿ ಇರಬೇಕು.

ಕರೆಂಟು: 2000 ವಾಟ್‌ನ ಇಂಡಕ್ಷನ್ ಸುಮಾರು 9 ಆಂಪ್ ಎಳೆಯುತ್ತದೆ. ಅದೇ ವೈರಿನಲ್ಲಿ ಓವನ್ ಕೂಡ ಹಾಕಿದರೆ ಭಾರ ಮೀರಿದಾಗ ಕರೆಂಟು ಕಡಿಯುವ 16 ಆಂಪ್‌ನ ಎಂಸಿಬಿ ಬೀಳಬಹುದು. ಓವನ್, ಇಂಡಕ್ಷನ್, ಡಿಶ್‌ವಾಶರ್ ಮೂರಕ್ಕೂ ಬೇರೆ ಬೇರೆ ವೈರು ಎಳೆಸಿ, ಎಲ್ಲಕ್ಕೂ ಸೇರಿ ಕರೆಂಟು ಸೋರಿದರೆ ಕೂಡಲೇ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿದೆ. ಡಿಶ್‌ವಾಶರ್ ಈಗ ಇಲ್ಲದಿದ್ದರೂ ಅದರ ನೀರು, ಕೊಳಚೆ, ಪ್ಲಗ್ ಮೂರನ್ನೂ ಬಿಟ್ಟಿಡಿ, ಟೈಲ್ಸ್ ಕೂತ ಮೇಲೆ ಒಡೆಯುವುದು ಸಂಕಟ. ಮೇಲಿನ ಕಪಾಟಿನ ಕೆಳಗೆ ಹಾಕುವ ಎಲ್‌ಇಡಿ ಪಟ್ಟಿ ಮುಂದಿನ ಅಂಚಿಗಿರಲಿ. ಗೋಡೆಗೆ ಒತ್ತಿ ಹಾಕಿದರೆ ಬೆಳಕು ಟೈಲ್ಸ್ ಮೇಲೆ ಬಿದ್ದು, ಹೆಚ್ಚುವ ಹಲಗೆಯ ಮೇಲೆ ನಮ್ಮದೇ ನೆರಳು ಉಳಿಯುತ್ತದೆ.

ಕೊನೆಯ ಕಂತು ಕೊಡುವ ಮೊದಲು ಮೂರು ಪರೀಕ್ಷೆ ಮಾಡಿದೆ. ಸಿಂಕ್ ಅಂಚಿನವರೆಗೆ ತುಂಬಿಸಿ ಒಂದು ಗಂಟೆ ಬಿಟ್ಟು, ಒಂದೇ ಸಲ ಬಿಡಿಸಿ, ಕೆಳಗಿನ ಜೋಡಣೆಗಳಿಗೆಲ್ಲ ಒಣ ಕಾಗದ ಒತ್ತಿ ನೋಡಿದೆ. ಅಕ್ಕಿ ಸುರಿದ ಡ್ರಾಯರನ್ನು ಪೂರ್ತಿ ಎಳೆದು ಮುಂದಿನ ಅಂಚು ಎಷ್ಟು ತಗ್ಗುತ್ತದೆಂದು ಅಳೆದೆ. ಗಾಜು ಮುಚ್ಚಿ, ಚಿಮಣಿ ಹಾಕಿ, ನಾಲ್ಕು ಬ್ಯಾಡಗಿ ಮೆಣಸಿನಕಾಯಿಯನ್ನು ಎಣ್ಣೆಗೆ ಬಿಟ್ಟು ಹಾಲ್‌ಗೆ ಬಂದು ಕೂತೆ. ಯಾರಿಗೂ ಕೆಮ್ಮು ಬರಲಿಲ್ಲ.