ಗಿಡ ನೆಡದ ಟ್ರಸ್ಟಿನ ಲೆಕ್ಕಪತ್ರ

ನಮ್ಮ ಟ್ರಸ್ಟಿಗೆ ಬರಬೇಕಿದ್ದ ಅತಿ ದೊಡ್ಡ ದೇಣಿಗೆಯನ್ನು ನಾವೇ ಬೇಡ ಎಂದೆವು. ಖಜಾಂಚಿ ನಾನು, ಬೇಡ ಎಂದು ಕಾಗದ ಬರೆದವನೂ ನಾನೇ. ಒಂದು ಕಂಪನಿಯವರು ಐದು ಸಾವಿರ ಗಿಡ ನೆಡಿ, ಬೋರ್ಡು ಹಾಕಿ, ಫೋಟೊ ಕಳಿಸಿ ಎಂದಿದ್ದರು. ನೆಡುವುದೆಲ್ಲಿ? ನಾವು ನೋಡಿಕೊಳ್ಳುತ್ತಿರುವುದು ಉತ್ತರ ಕನ್ನಡದ ಸಿದ್ದಾಪುರದ ಕಡೆ ಒಂದು ಹಳ್ಳದ ಎರಡೂ ದಂಡೆಯ ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು, ಅದರ ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ. ಅಲ್ಲಿ ಗಿಡ ನೆಡಬೇಕಾದರೆ ಮೊದಲು ಇರುವ ಗಿಡ ಕೀಳಬೇಕು.

ಶುರುವಿನಲ್ಲಿ ನಾವೂ ಹಾಗೇ ಇದ್ದೆವು. ಐದಾರು ಜನ ಅಡಿಕೆ ತೋಟದವರು ಸೇರಿ ಉಪನೋಂದಣಿ ಕಚೇರಿಯಲ್ಲಿ ಟ್ರಸ್ಟ್ ಡೀಡ್ ಮಾಡಿಸಿದೆವು. ಹಣ ಕೂಡಿಸಿ ಕಾಡು ಕೊಂಡು ಕಾಯುವುದು ಎಂಬ ಕಲ್ಪನೆ. ನಮ್ಮ ಜಿಲ್ಲೆಯಲ್ಲಿ ಅದು ನಡೆಯುವ ಮಾತಲ್ಲ. ಕಾನು ಅರಣ್ಯ ಇಲಾಖೆಯದು. ಬೆಟ್ಟವೂ ನಮ್ಮದಲ್ಲ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಇದೆ. ಬ್ರಿಟಿಷರ ಕಾಲದಿಂದ ಬಂದ ಸೌಲಭ್ಯ ಅದು. ಸೊಪ್ಪು, ದರಕು (ಉದುರಿದ ಒಣ ಎಲೆ) ತರಬಹುದು ಅಷ್ಟೇ. ಹಾಗಾಗಿ ಕೊಳ್ಳಲು ಏನೂ ಇಲ್ಲ. ಟ್ರಸ್ಟಿನ ಹೆಸರಲ್ಲಿ ಕಾನಿನೊಳಗೆ ಒಂದು ಗುಂಡಿ ತೋಡುವ ಅಧಿಕಾರವೂ ನಮಗಿಲ್ಲ. ಏನೇ ಆದರೂ ಗ್ರಾಮ ಅರಣ್ಯ ಸಮಿತಿಯಲ್ಲಿ ಮಾತಾಡಿ, ಇಲಾಖೆಯವರಿಗೆ ಹೇಳಿ ಮಾಡಬೇಕು. ಇದು ತಿಳಿಯಲು ಒಂದು ವರ್ಷ ಹೋಯಿತು.

ಈ ಹಳ್ಳದ ಬುಡದಲ್ಲಿ ಒಂದು ರಾಮಪತ್ರೆ ಜಡ್ಡಿ ಇದೆ, ಕಾಡು ಜಾಯಿಕಾಯಿ ಜಾತಿಯ ಮರಗಳ ಜೌಗು. ಬೇಸಿಗೆಯಲ್ಲೂ ಕಾಲು ಹುಗಿಯುವ ಕೆಸರು. ಕೆಸರಿನಿಂದ ಮೊಣಕಾಲು ಮಡಚಿ ಎದ್ದ ಹಾಗೆ ಬೇರುಗಳು. ಇಂಥ ಜಡ್ಡಿಗಳು ಹಿಂದೆ ಎಷ್ಟೋ ಇದ್ದವು. ನೀರು ನಿಲ್ಲುವ ಜಾಗ ಅಲ್ವಾ, ಗದ್ದೆ, ತೋಟ ಆಗಿಹೋದವು. ನಮ್ಮ ಅಜ್ಜಂದಿರೇ ಮಾಡಿದ್ದು, ಬೇರೆಯವರನ್ನು ದೂರುವ ಹಾಗಿಲ್ಲ. ಇದೇ ತಾಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕ ಒಂದು ಮರಕ್ಕೆ 2000ದಲ್ಲಿ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ಅಲ್ಲಿಯವರೆಗೆ ವಿಜ್ಞಾನಿಗಳಿಗೆ ಅದು ಗೊತ್ತೇ ಇರಲಿಲ್ಲ.

ಜಡ್ಡಿಯನ್ನು ದೊಡ್ಡದು ಮಾಡೋಣ ಎಂದು ಮಳೆಗಾಲದಲ್ಲಿ ಬಿದ್ದ ರಾಮಪತ್ರೆ ಬೀಜ ಆರಿಸಿ ತಂದೆ. ಅಡಿಕೆ ಬೆಳೆಗಾರನ ಬುದ್ಧಿ ನೋಡಿ, ಬಿಸಿಲು ಬಿದ್ದ ದಿನವೆಲ್ಲ ಅಂಗಳದಲ್ಲಿ ಹರವಿ ಒಣಗಿಸಿದೆ! ಒಂದೂ ಮೊಳೆಯಲಿಲ್ಲ. ಈ ಬೀಜ ಒಣಗಿದರೆ ಸತ್ತಂತೆ. ಹಸಿ ಇರುವಾಗಲೇ, ಬಿದ್ದ ಕೆಲವೇ ದಿನದಲ್ಲಿ ಮಣ್ಣು ಸೇರಬೇಕು. ಮರು ವರ್ಷ ಸರಿಯಾಗಿ ಮಾಡಿದೆ, ಮೊಳೆತವು. ತಂದು ಬೆಟ್ಟದ ಬಯಲಲ್ಲಿ ನೆಟ್ಟೆವು. ದನ ತಿಂದು ಉಳಿದದ್ದನ್ನು ಮಾರ್ಚ್ ಬಿಸಿಲು ತಿಂದಿತು.

ಆಗ ಪಕ್ಕದ ಮನೆ ದೊಡ್ಡಪ್ಪ ಹೇಳಿದರು: "ತಮಾ, ನೀ ಗಿಡ ನೆಡದು ಬ್ಯಾಡ. ಬೆಂಕಿ ಬೀಳ್ದೇ ಇದ್ದಂಗೆ ನೋಡ್ಕ್ಯ, ಸಾಕು. ಕಾನು ತಾನಾಗೇ ಬತ್ತು (ಬರುತ್ತದೆ)."

ಅಲ್ಲಿಂದ ನಮ್ಮ ಲೆಕ್ಕದ ಪುಸ್ತಕ ಬದಲಾಯಿತು. ಈಗ ದೊಡ್ಡ ಖರ್ಚು ಬೆಂಕಿಯದು. ಜನವರಿಯಲ್ಲಿ ಬೆಟ್ಟದ ಮೇಲಂಚಿನಲ್ಲಿ ಬೆಂಕಿ ರೇಖೆ ಸವರುತ್ತೇವೆ, ಅಂದರೆ ಬೆಂಕಿ ದಾಟದ ಹಾಗೆ ಒಂದು ಪಟ್ಟೆ ಕಸವಿಲ್ಲದಂತೆ ಮಾಡುತ್ತೇವೆ. ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೆ ಇಬ್ಬರು ಕಾವಲು, ದಿನಗೂಲಿ. ಜಡ್ಡಿಗೆ ಬೆಂಕಿ ಹತ್ತುವುದಿಲ್ಲ, ಆದರೆ ಅಂಚಿಗೆ ಹತ್ತುತ್ತದೆ. ಪ್ರತಿ ವರ್ಷ ಅಂಚು ಸುಟ್ಟರೆ ಕಾನು ಒಂದೊಂದು ಮಾರು ಹಿಂದೆ ಸರಿಯುತ್ತದೆ. ಸುಡದಿದ್ದಲ್ಲಿ ಮೂರನೇ ವರ್ಷಕ್ಕೆ ಪೊದೆಯ ನೆರಳಲ್ಲಿ ಮರಿಗಿಡ ಕಂಡವು. ಅದರ ಫೋಟೊ ತೆಗೆದರೆ ಸುಮ್ನೆ ಹಸಿರು ಕಸ ಕಾಣುತ್ತದೆ. ಯಾರು ದುಡ್ಡು ಕೊಡುತ್ತಾರೆ?

ದರಕಿನದು ಬೇರೆ ಕತೆ. ಬೆಟ್ಟ ಪೂರ್ತಿ ಗುಡಿಸಿ ತರುವುದು ನಮ್ಮ ರೂಢಿ. ಹಳ್ಳದ ಮೇಲಿನ ಭಾಗ ಗುಡಿಸದೆ ಬಿಡಿ ಎಂದರೆ ಕೊಟ್ಟಿಗೆಗೆ ಏನು ಹಾಸುವುದು ಎಂಬ ಪ್ರಶ್ನೆ. ಅದೇ ಹಳ್ಳದ ನೀರು ಪೈಪಿನಲ್ಲಿ ತೋಟಕ್ಕೆ ತರುವ ಮೂರು ಮನೆಯವರು ಒಪ್ಪಿದರು, ಉಳಿದವರು ಇಲ್ಲ. ಬೇಸಿಗೆ ನೀರು ಜಾಸ್ತಿ ಆಯಿತಾ ಎಂದು ಎಲ್ಲರೂ ಕೇಳುತ್ತಾರೆ. ಒಂದು ವರ್ಷ ಆದ ಹಾಗೆ ಕಂಡಿತು. ಮುಂದಿನ ವರ್ಷ ಮಳೆಯೇ ಕಡಿಮೆ. ಇನ್ನೂ ನೋಡಬೇಕು.

ಹೆಚ್ಚು ತಲೆಬಿಸಿ ಮಾಡಿದ್ದು ಉಪ್ಪಾಗೆ, ಸಿಪ್ಪೆ ಒಣಗಿಸಿ ಮಾರುವ ಹುಳಿ ಹಣ್ಣು. ಹಣ್ಣಾಗುವುದು ನಡು ಮಳೆಗಾಲದಲ್ಲಿ, ಬಿಸಿಲಿಲ್ಲ. ಅಟ್ಟದ ಮೇಲೆ ಹಾಕಿ ಕೆಳಗೆ ಹಗಲು ರಾತ್ರಿ ಬೆಂಕಿ ಉರಿಸಿ ಒಣಗಿಸಬೇಕು. ಅದಕ್ಕೆ ರಾಶಿ ರಾಶಿ ಕಟ್ಟಿಗೆ, ಅದೂ ಅದೇ ಕಾನಿನದು. ಸಿಂಗಳೀಕಕ್ಕೂ (ಸಿಂಹಬಾಲದ ಕೋತಿ) ಇದು ಇಷ್ಟದ ಹಣ್ಣು. ಜನ ಕಾಯಿ ಇದ್ದಾಗಲೇ ಟೊಂಗೆ ಸಮೇತ ಕಡಿದರೆ ಅದಕ್ಕೂ ಇಲ್ಲ, ಮುಂದಿನ ವರ್ಷ ನಮಗೂ ಇಲ್ಲ. ಕೇರಿಯ ಅಕ್ಕನೊಬ್ಬಳನ್ನು ಕೇಳಿದೆ. "ನಾನು ಹಣ್ಣಾಗ್ಲಿ ಅಂತ ಬಿಟ್ರೆ ಆಚೆ ಕೇರಿಯವ್ರು ಕೊಯ್ತಾರೆ, ನಾನ್ಯಾಕೆ ಬಿಡ್ಲಿ?" ಎಂದಳು. ಉತ್ತರ ನನ್ನಲ್ಲಿರಲಿಲ್ಲ.

ಸಮಿತಿಯ ಸಭೆಯಲ್ಲಿ ಎರಡೂ ಕೇರಿಯವರನ್ನು ಕೂರಿಸಿದೆವು. ಇಂಥ ದಿನಕ್ಕಿಂತ ಮೊದಲು ಯಾರೂ ಕೊಯ್ಯುವ ಹಾಗಿಲ್ಲ, ಟೊಂಗೆ ಕಡಿಯುವ ಹಾಗಿಲ್ಲ ಎಂದಾಯಿತು. ಮೊದಲ ವರ್ಷ ಮುರಿದರು. ಎರಡನೇ ವರ್ಷ ಮುರಿದವರ ಮಾಲನ್ನು ಮುಚ್ಚಿದ ಒಲೆಯಲ್ಲಿ ಒಣಗಿಸಲು ಬಿಡಲಿಲ್ಲ. ಈ ಒಲೆಯೇ ನಾವು ಟ್ರಸ್ಟಿನ ದುಡ್ಡಲ್ಲಿ ಕಟ್ಟಿಸಿದ ಒಂದೇ ಆಸ್ತಿ. ಸುತ್ತ ಗೋಡೆ, ಮೇಲೆ ತಟ್ಟೆಗಳ ಸಾಲು, ಹೊಗೆ ಹೋಗಲು ಕೊಳವೆ. ಬಿಸಿ ಪೋಲಾಗುವುದಿಲ್ಲ, ಕಟ್ಟಿಗೆ ಕಡಿಮೆ ಸಾಕು. ಹೊಗೆ ವಾಸನೆ ಇಲ್ಲದ್ದಕ್ಕೆ ವ್ಯಾಪಾರಿಯೂ ದರ ಸ್ವಲ್ಪ ಏರಿಸಿದ. ನನ್ನ ಭಾಷಣಕ್ಕಿಂತ ಆ ದರವೇ ಕೆಲಸ ಮಾಡಿತು.

ನಡುವೆ ಕಾಡಿನ ಮೇಲಿನ ಹಕ್ಕು ಹೋಗುತ್ತದೆ ಎಂಬ ಹೆದರಿಕೆಯೂ ಇತ್ತು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಆದಾಗ ಜನರ ಹಕ್ಕಿಗೆ ತೊಂದರೆ ಇಲ್ಲ ಎಂದಿದ್ದರು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿಸಿದರು. ಅಭಯಾರಣ್ಯ ಎಂಬ ಶಬ್ದ ಕೇಳಿದ್ದೇ, ನಮ್ಮ ಟ್ರಸ್ಟೇ ಇದನ್ನು ಮಾಡಿಸಿದ್ದು ಎಂದು ಊರಲ್ಲಿ ಸುದ್ದಿ ಹಬ್ಬಿತು. ಎರಡು ತಿಂಗಳು ಯಾರೂ ಸಭೆಗೆ ಬರಲಿಲ್ಲ. ಮನೆ ಮನೆಗೆ ಹೋಗಿ ಚಹ ಕುಡಿದದ್ದೇ ಬಂತು.

ಟ್ರಸ್ಟ್ ಮಾಡುವವರಿಗೆ ಲೆಕ್ಕದ ವಿಷಯ ಎರಡು ಮಾತು. ಆದಾಯ ತೆರಿಗೆ ಇಲಾಖೆಯಲ್ಲಿ ಟ್ರಸ್ಟಿನ ನೋಂದಣಿ, ದಾನಿಗೆ ತೆರಿಗೆ ವಿನಾಯಿತಿ ಸಿಗುವ ನೋಂದಣಿ (1961ರ ಕಾಯ್ದೆಯ 12ಎಬಿ, 80ಜಿ) ಎರಡನ್ನೂ ಮೊದಲ ವರ್ಷವೇ ಮಾಡಿಸಿ. 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನಿಗೆ ತೆರಿಗೆ ವಿನಾಯಿತಿ ಇಲ್ಲ, ಅದನ್ನು ಮೊದಲೇ ಹೇಳಿ. ದಾನಿಗಳ ಪಟ್ಟಿಯನ್ನು ಮೇ 31ರೊಳಗೆ ತೆರಿಗೆ ಇಲಾಖೆಯ ಫಾರ್ಮಿನಲ್ಲಿ ತುಂಬಬೇಕು. ಅಡಿಕೆ ಮರಕ್ಕೆ ಮದ್ದು ಹೊಡೆಯುವ ಗಡಿಬಿಡಿ ಶುರುವಾಗುವ ಹೊತ್ತಿಗೇ ಇದೂ ಬರುತ್ತದೆ. ಒಂದು ಸಲ ಮರೆತು ಒದ್ದಾಡಿದ್ದೇನೆ.

ಈಗ ಎರಡನೇ ಒಲೆಗೆ ದುಡ್ಡು ಕೂಡಿದೆ. ಅದು ಯಾವ ಕೇರಿಯಲ್ಲಿ ಆಗಬೇಕು ಎಂಬ ಜಗಳ ಮುಗಿದಿಲ್ಲ. ಭಾನುವಾರ ಮತ್ತೆ ಸಭೆ ಇದೆ.