ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್: ಮೊದಲು ಕನ್ನಡ ನೋಡಿಕೊಂಡೆ

ಶಿರಸಿ ಹತ್ತಿರದ ನಮ್ಮನೆಯಲ್ಲಿ ಅಪ್ಪಯ್ಯನ ಹಳೇ ಲ್ಯಾಪ್‌ಟಾಪ್ ಇದೆ. 4 ಜಿಬಿ ರ‍್ಯಾಮ್, ವಿಂಡೋಸ್ 7. ಅಡಿಕೆ ಲೆಕ್ಕ, ಸಂಘದ ಠರಾವು, ಅವರೇ ಕೂತು ಟೈಪ್ ಮಾಡಿದ ಯಕ್ಷಗಾನ ಪದ್ಯಗಳು, ಎಲ್ಲ ಅದರಲ್ಲೇ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ಕ್ಕೆ. ಹೊಸ ಕ್ರೋಮ್ ಕೂಡ ಅದರಲ್ಲಿ ನಡೆಯುವುದಿಲ್ಲ. ಯಂತ್ರ ಗಟ್ಟಿಯಾಗಿರುವಾಗ ಗುಜರಿಗೆ ಕೊಡಲು ಮನಸ್ಸು ಬರಲಿಲ್ಲ.

ವಿಂಡೋಸ್ ಬದಲು ಹಾಕಲು ನಾನು ಆರಿಸಿದ್ದು ಲಿನಕ್ಸ್ ಮಿಂಟ್, ಅಂದರೆ ಉಚಿತವಾಗಿ ಸಿಗುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಒಂದು ಬಗೆ. ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ. ಮೆನು ವಿಂಡೋಸ್‌ನಂತೆ ಕೆಳಗೆ ಎಡಗಡೆಯೇ ಇದೆ, ಅಪ್ಪಯ್ಯನಿಗೆ ಅದು ಮುಖ್ಯ. ಊರಲ್ಲಿ ನೆಟ್ ನಿಧಾನ, ಹಾಗಾಗಿ ಮಿಂಟ್‌ನ ಇನ್‌ಸ್ಟಾಲ್ ಫೈಲನ್ನು ಪೇಟೆಯಲ್ಲೇ ಇಳಿಸಿಕೊಂಡೆ. ರೂಫಸ್ ಎಂಬ ಸಣ್ಣ ತಂತ್ರಾಂಶದಿಂದ ಅದನ್ನು 8 ಜಿಬಿ ಪೆನ್‌ಡ್ರೈವ್‌ಗೆ ಬರೆದೆ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದು ಇದರಿಂದ ಅಳಿಸಿಹೋಗುತ್ತದೆ, ನೆನಪಿರಲಿ.

ಪೆನ್‌ಡ್ರೈವ್‌ನಿಂದಲೇ ಮಿಂಟ್ ಶುರುವಾಗುತ್ತದೆ. ಹಾರ್ಡ್ ಡಿಸ್ಕ್ ಮುಟ್ಟುವುದೇ ಬೇಡ. ಹೆಚ್ಚಿನವರು ಇಲ್ಲಿ ವೈಫೈ, ಸೌಂಡ್ ನೋಡಿ ಮುಂದೆ ಹೋಗುತ್ತಾರೆ. ಕನ್ನಡದಲ್ಲಿ ಕೆಲಸ ಮಾಡುವವರು ಇಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು. ಅಪ್ಪಯ್ಯ ಪಕ್ಕದಲ್ಲೇ ಕೂತಿದ್ದರು. ಅವರ ಮೊದಲ ಪ್ರಶ್ನೆ, "ತಮಾ, ಕನ್ನಡ ಬತ್ತಾ ಇದ್ರಲ್ಲಿ?"

ಬರುತ್ತದೆ. ಮೊಬೈಲನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ ನೆಟ್ ಕೊಟ್ಟೆ. ಬೇರೆ ಬೇರೆ ಭಾಷೆ ಟೈಪ್ ಮಾಡಲು ಬಿಡುವ ಐಬಸ್ ಎಂಬ ತಂತ್ರಾಂಶ ಮತ್ತು ಕನ್ನಡದ ಕೀಲಿಮಣೆಗಳಿರುವ ಅದರ ಎಂ17ಎನ್ ಪ್ಯಾಕೇಜ್ ಹಾಕಿದೆ. ಕೀಲಿಮಣೆ ಪಟ್ಟಿಯಲ್ಲಿ ಕನ್ನಡದಡಿ ಕೆಜಿಪಿ ಎಂಬ ಕೀಲಿ ಜೋಡಣೆ ಸಿಕ್ಕಿತು. ಕೆ. ಪಿ. ರಾವ್ ಅವರ ವಿನ್ಯಾಸ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಹೊಸದಲ್ಲ. ಅರ್ಧಾಕ್ಷರಕ್ಕೆ ಎಫ್ ಒತ್ತುವುದೂ ಅದೇ.

ಹಳೇ ಫೈಲುಗಳದ್ದು ಬೇರೆಯೇ ವಿಷಯ. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡ ಕಾಣಿಸುವುದು ನುಡಿ ಫಾಂಟ್‌ನಿಂದ. ಆ ಫಾಂಟ್ ಇಲ್ಲದ ಕಡೆ ಪದ್ಯವೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಫೈಲ್ ಕೆಟ್ಟಿರುವುದಿಲ್ಲ, ಹೆದರಬೇಡಿ. ವಿಂಡೋಸ್‌ನಲ್ಲಿದ್ದ ಟಿಟಿಎಫ್ ಫಾಂಟ್ ಫೈಲುಗಳನ್ನು ಮೊದಲೇ ನಕಲು ಮಾಡಿ ಇಟ್ಟುಕೊಳ್ಳಿ. ಮಿಂಟ್‌ನಲ್ಲಿ ಅವನ್ನು ಹಾಕಿದರೆ ಹಳೇ ಫೈಲುಗಳನ್ನು ಲಿಬ್ರೆಆಫೀಸ್ ಎಂಬ ಬರಹದ ತಂತ್ರಾಂಶದಲ್ಲಿ ಓದಬಹುದು. ಉಳಿಯಬೇಕಾದ ಬರಹವನ್ನು ಮಾತ್ರ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತ ಇರುವ ಪದ್ಧತಿಗೆ, ಬದಲಾಯಿಸಲೇಬೇಕು. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಬದಲಾದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಕಣ್ಣಾಡಿಸಿ. ಪದ್ಯಗಳನ್ನು ಅಪ್ಪಯ್ಯನೇ ಸಾಲುಸಾಲಾಗಿ ಓದಿ ನೋಡಿದರು. ಆ ಕೆಲಸಕ್ಕೆ ಅವರಷ್ಟು ಯೋಗ್ಯರು ಮನೆಯಲ್ಲಿ ಬೇರೆ ಯಾರಿದ್ದಾರೆ?

ಇಷ್ಟಾದ ಮೇಲೆ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿದೆ. ಡಿ ಡ್ರೈವ್‌ನಲ್ಲಿದೆ ಅಲ್ವಾ ಎಂದು ಸುಮ್ನೆ ಬಿಡಬೇಡಿ. ಸಿ, ಡಿ ಎರಡೂ ಒಂದೇ ಡಿಸ್ಕ್‌ನ ಭಾಗಗಳಾಗಿದ್ದರೆ, ಇಡೀ ಡಿಸ್ಕ್ ಅಳಿಸುವ ಆಯ್ಕೆ ಎರಡನ್ನೂ ಒರೆಸಿಬಿಡುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಬ್ಯಾಟರಿಯೂ ಸತ್ತಿತ್ತು. ಇನ್ವರ್ಟರ್ ಲೈನಿಗೆ ಸಿಕ್ಕಿಸಿಕೊಂಡೇ ಇನ್‌ಸ್ಟಾಲ್ ಶುರು ಮಾಡಿದೆ. ಭಾಷೆ, ಊರಿನ ಸಮಯ, ಪಾಸ್‌ವರ್ಡ್ ಕೇಳುತ್ತದೆ, ಅಷ್ಟೇ.

ಆಮೇಲೆ ಹಾರ್ಡ್ ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಎಂಬ ಡಿಸ್ಕ್ ಹಾಕಿಸಿದೆ. ವೇಗದ ಮಟ್ಟಿಗೆ ಲಿನಕ್ಸ್‌ಗಿಂತ ಅದರ ಪಾಲೇ ಜಾಸ್ತಿ. ಬ್ರೌಸರ್‌ನಲ್ಲಿ ತುಂಬಾ ಪುಟ ತೆರೆದರೆ 4 ಜಿಬಿ ಈಗಲೂ ಸಾಲದು. ಟ್ಯಾಲಿಯಲ್ಲಿ ಲೆಕ್ಕ ಇಡುವವರು ಮಾತ್ರ ವಿಂಡೋಸ್ ಅಳಿಸಬೇಡಿ. ಟ್ಯಾಲಿ ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಅಂಥವರು ಡಿಸ್ಕ್‌ನಲ್ಲಿ ಜಾಗ ಮಾಡಿಕೊಂಡು ಎರಡನ್ನೂ ಜೊತೆಗೇ ಇಟ್ಟುಕೊಳ್ಳಬಹುದು.